ಹೊಲದ ಕ್ವಾಡನ್ನು ಗುಡ್ಡದ ದಾರಿಗೆ ಅಣಿ ಮಾಡುವುದು

ಪ್ರಶ್ನೆ: ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ನಲ್ಲಿ. ಬೂನ್ ಕಡೆಯ ರೈತರೊಬ್ಬರಿಂದ 2004ರ ಹೋಂಡಾ ರಾಂಚರ್ 350 ಕ್ವಾಡ್, ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ, ತಗೊಂಡಿದ್ದೇನೆ. ಫೋರ್ ವೀಲ್ ಡ್ರೈವ್, ಕಾಲಲ್ಲಿ ಗೇರ್ ಹಾಕುವ ಮಾಡೆಲ್. ಬೇಲಿ ಕೆಲಸ, ಔಷಧಿ ಹೊಡೆಯುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು, ಎಲ್ಲ ಮಾಡಿದ ಗಾಡಿ. ಎರಡು ವರ್ಷದಿಂದ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತಂತೆ. ಈಗ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದರೆ ಆಫ್. ಗೆಳೆಯರ ಜೊತೆ ವೆಸ್ಟ್ ವರ್ಜೀನಿಯಾದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್‌ಗೆ (ಇಂಥ ಗಾಡಿ ಓಡಿಸುವ ಗುಡ್ಡದ ದಾರಿಗಳು) ಹೋಗುವ ಆಸೆ. ಅವರೆಲ್ಲ 26 ಇಂಚಿನ ಟೈರು, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಕಾರ್ಬೊರೇಟರ್‌ನ ಪೆಟ್ರೋಲ್ ಅಳತೆ ಬದಲಿಸುವ ಜೆಟ್ ಕಿಟ್, ಬೇರೆ ಸೈಲೆನ್ಸರ್ ಹಾಕಿಸು ಅನ್ನುತ್ತಾರೆ. 1,500 ಡಾಲರ್ ತನಕ ಖರ್ಚು ಮಾಡಬಲ್ಲೆ. ಮೊದಲು ಏನು ಮಾಡಿಸಲಿ? ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಕೂರಿಸಿಕೊಳ್ಳಬೇಡಿ. ಸ್ಕೂಟರ್ ಮೇಲೆ ಇಡೀ ಸಂಸಾರ ಹೋಗುವುದನ್ನು ನೋಡಿ ಬೆಳೆದವರು ನಾವು. ಆ ಉದ್ದನೆಯ ಸೀಟು ಕಂಡರೆ ಇನ್ನೊಬ್ಬರಿಗೆ ಜಾಗ ಇದೆಯಲ್ಲ ಅನ್ನಿಸುತ್ತದೆ. ಆದರೆ ಅದು ಓಡಿಸುವವರೇ ಹಿಂದೆ ಮುಂದೆ ಜರುಗಲು ಬಿಟ್ಟ ಜಾಗ. ಏರು ಬಂದರೆ ಮುಂದಕ್ಕೆ, ಇಳಿಜಾರಾದರೆ ಹಿಂದಕ್ಕೆ, ಗಾಡಿ ಒಂದು ಬದಿಗೆ ವಾಲಿದರೆ ಮೇಲಿನ ಬದಿಗೆ ನೀವು ಸರಿಯಬೇಕು. ಹಿಂದೆ ಇನ್ನೊಬ್ಬರು ಕೂತರೆ ಜರುಗಲು ಜಾಗವೇ ಇರುವುದಿಲ್ಲ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಎದ್ದರೆ ಗಾಡಿ ನಿಮ್ಮಿಬ್ಬರ ಮೇಲೆಯೇ ಮಗುಚುತ್ತದೆ. ಆ ಟ್ರೇಲ್‌ಗಳ ನಿಯಮವೂ ಅದೇ: ಇಬ್ಬರಿಗೆ ಅಂತಲೇ ತಯಾರಾದ ಗಾಡಿ ಬಿಟ್ಟು ಬೇರೆ ಯಾವುದರಲ್ಲೂ ಡಬಲ್ ಹೋಗುವಂತಿಲ್ಲ. ನಿಮ್ಮ ಹೆಂಡತಿಗೂ ಬರುವ ಮನಸ್ಸಿದ್ದರೆ ಪಕ್ಕ ಪಕ್ಕ ಕೂರುವ ಸೈಡ್-ಬೈ-ಸೈಡ್ ಗಾಡಿ ಅಲ್ಲಿನ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ.

ಇನ್ನು ನಿಮ್ಮ ಗಾಡಿ. ಒಳ್ಳೆಯದನ್ನೇ ತಗೊಂಡಿದ್ದೀರಿ. ರಾಂಚರ್ 350 ಬಂದದ್ದು 2000ದಲ್ಲಿ. 2007ಕ್ಕೆ ಫ್ಯೂಯಲ್ ಇಂಜೆಕ್ಷನ್ ಇರುವ 420 ಬಂದು ಅದರ ಜಾಗ ಹಿಡಿಯಿತು. 329 ಸಿಸಿಯ ಒಂದೇ ಸಿಲಿಂಡರ್, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಐದು ಗೇರು, ಒಂದು ರಿವರ್ಸ್. ಬೆಲ್ಟ್ ಇಲ್ಲ, ಚೈನ್ ಇಲ್ಲ, ಶಾಫ್ಟ್ ಡ್ರೈವ್. ನಿಮ್ಮದು ಕಾಲಿನ ಗೇರಿನದಾದ್ದರಿಂದ ಬಟನ್ ಒತ್ತಿ ಗೇರ್ ಹಾಕುವ ಮಾಡೆಲ್‌ನ ಮೋಟರು, ಸೆನ್ಸರ್‌ಗಳ ತಲೆನೋವೂ ಇಲ್ಲ. ಇದಕ್ಕೆ ಹೊಸದಾಗಿ ಶಕ್ತಿ ತುಂಬಬೇಕಾಗಿಲ್ಲ. ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಹೇಗೆ ನಿಲ್ಲುತ್ತಿತ್ತು, ಹೇಗೆ ತಿರುಗುತ್ತಿತ್ತು, ಹೇಗೆ ಉಸಿರಾಡುತ್ತಿತ್ತು, ಅದನ್ನು ವಾಪಸ್ ತಂದುಕೊಂಡರೆ ಸಾಕು. ಗೆಳೆಯರ ಪಟ್ಟಿಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ ನೋಡಿ.

ಮೊದಲು ಬ್ರೇಕು. ಈ ಮಾಡೆಲ್‌ಗೆ ಮುಂದೆ ಡಿಸ್ಕ್ ಇಲ್ಲ, ಹೈಡ್ರಾಲಿಕ್ ಡ್ರಮ್ ಇದೆ. ಹಿಂದಿನದು ಕೇಬಲ್ಲಿನಲ್ಲಿ ಹಿಡಿಯುವ ಡ್ರಮ್. ಮುಂದಿನ ಡ್ರಮ್ಮಿನೊಳಗೆ ನೀರು ಹೋಗುವುದು ಈ ಗಾಡಿಯ ಹಳೇ ಕಾಯಿಲೆ. ನನ್ನ ಮೊದಲ ಕ್ವಾಡೂ ಇಂಥದ್ದೇ ಹೊಲದ ಗಾಡಿ. ಎಂಜಿನ್ ಸದ್ದು ಚೆನ್ನಾಗಿದೆ ಅಂತ ಖುಷಿಯಾಗಿ ಅದೇ ವಾರ ಗುಡ್ಡಕ್ಕೆ ಒಯ್ದೆ. ಹಳ್ಳ ದಾಟಿದ ಮೇಲೆ ಒಂದು ಇಳಿಜಾರು. ಬಲಗೈ ಲಿವರ್ ಹಿಡಿದೆ. ಚಕ್ರಕ್ಕೆ ಸೋಪು ಹಚ್ಚಿದಂತೆ ಗಾಡಿ ಹಾಗೇ ಜಾರಿಕೊಂಡು ಹೋಯಿತು. ರೋಡೊಡೆಂಡ್ರನ್ ಪೊದೆಯೊಳಗೆ ನುಗ್ಗಿ ನಿಂತದ್ದರಿಂದ ಮೈ ತರಚಿತು ಅಷ್ಟೇ. ಮನೆಗೆ ಬಂದು ಡ್ರಮ್ ಬಿಚ್ಚಿದರೆ ಟೀ ಬಣ್ಣದ ನೀರು ಸುರಿಯಿತು, ಜೊತೆಗೆ ಒಂದು ಹಿಡಿ ಕೆಸರು. ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್, ಅದನ್ನು ಹೊತ್ತ ಶೂನಿಂದ ಕಿತ್ತು ಬಂದಿತ್ತು.

ಹಾಗಾಗಿ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಮುಂದಿನ ಎರಡೂ ಡ್ರಮ್ ಬಿಚ್ಚಿ. ಹಳೇ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಬ್ರೇಕ್ ಕ್ಲೀನರ್‌ನಲ್ಲಿ ಒದ್ದೆ ಮಾಡಿ ಒರೆಸಿ. ಒಂದೊಂದು ಚಕ್ರದಲ್ಲೂ ಶೂಗಳನ್ನು ತಳ್ಳುವ ಎರಡು ಪುಟ್ಟ ವೀಲ್ ಸಿಲಿಂಡರ್ ಇರುತ್ತವೆ. ಅವುಗಳಲ್ಲಿ ಒಂದಾದರೂ ತುಕ್ಕು ಹಿಡಿದು ಜಾಮ್ ಆಗಿರುವ ಸಾಧ್ಯತೆ ಜಾಸ್ತಿ. ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಒದ್ದೆಯಾಗಿದ್ದರೆ ರಿಪೇರಿಗೆ ಹೋಗದೆ ಹೊಸ ಸಿಲಿಂಡರನ್ನೇ ಹಾಕಿಸಿ. ಡ್ರಮ್ಮಿನ ಸುತ್ತ ನೀರು ತಡೆಯುವ ಒಂದು ದೊಡ್ಡ ರಬ್ಬರ್ ಸೀಲ್ ಇದೆ. ಎಲ್ಲರೂ ಶೂ ಬದಲಿಸುತ್ತಾರೆ, ಇದನ್ನು ಮರೆಯುತ್ತಾರೆ. ಸೀಲ್ ಹೊಸದು ಹಾಕಿ, ಅದರ ತುಟಿಗೆ ತೆಳ್ಳಗೆ ಗ್ರೀಸ್ ಸವರಿ. ಸವರುವಾಗ ಲೈನರ್‌ಗೆ ಒಂದು ಚೂರೂ ತಾಗಬಾರದು. ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆದು, ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡಿನದೇ ಹೊಸದು ಹಾಕಿ, ಪೈಪಿನೊಳಗಿನ ಏರ್ ತೆಗೆಯಿರಿ. ಆಮೇಲೆ ಡ್ರಮ್ಮಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಅಡ್ಜಸ್ಟರ್ ತಿರುಗಿಸುವ ಕೆಲಸ. ಚಕ್ರ ಕೈಯಲ್ಲಿ ತಿರುಗಿಸುತ್ತಾ ಶೂ ತಾಗುವ ಸದ್ದು ಬರುವ ತನಕ ಬಿಗಿ ಮಾಡಿ, ಸದ್ದು ಹೋಗುವಷ್ಟು ಹಿಂದಕ್ಕೆ ಬಿಡಿ. ಎರಡೂ ಬದಿ ಒಂದೇ ಸಮ ಹಿಡಿಯದಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ. ನಿಮ್ಮ ದುಡ್ಡಿನಲ್ಲಿ ಒಳ್ಳೆಯ ಪಾಲು ಇಲ್ಲೇ ಹೋದರೂ ಬೇಜಾರು ಬೇಡ.

ಡ್ರಮ್ ಹೇಗಿದ್ದರೂ ಬಿಚ್ಚಿರುತ್ತೀರಿ. ಆಗಲೇ ಬೇರಿಂಗ್ ನೋಡಿಬಿಡಿ. ವಾಪಸ್ ಜೋಡಿಸಿದ ಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸದ್ದು ಬಂದರೆ ಸ್ಟೀರಿಂಗ್‌ನ ಟೈ ರಾಡ್ ತುದಿ. ಹಿಂದಿನ ಸ್ವಿಂಗ್ ಆರ್ಮನ್ನು ಪಕ್ಕಕ್ಕೆ ತಳ್ಳಿ ನೋಡಿ, ಅಲ್ಲೂ ಆಟ ಇರಬಾರದು. ಮುಂದಿನ ಆಕ್ಸಲ್‌ನ ರಬ್ಬರ್ ಬೂಟುಗಳ ಮಡಿಕೆ ಬಿಡಿಸಿ ನೋಡಿ. ಸೀಳು ಯಾವಾಗಲೂ ಮಡಿಕೆಯ ಒಳಗೇ ಅಡಗಿರುತ್ತದೆ. ಬೂಟು ಮಾತ್ರ ಹರಿದಿದ್ದರೆ ಖರ್ಚು ಕಡಿಮೆ. ಮರಳು ಒಳಗೆ ಹೋಗಿ, ತಿರುವಿನಲ್ಲಿ ಕಟಕಟ ಅನ್ನುತ್ತಿದ್ದರೆ ಇಡೀ ಜಾಯಿಂಟೇ ಹೋಗಿದೆ ಅಂತ ಲೆಕ್ಕ.

ಈಗ ಚೋಕ್ ವಿಷಯ. ಚೋಕ್ ಹಾಕಿದರೆ ಓಡುವುದು, ತೆಗೆದರೆ ನಿಲ್ಲುವುದು ಅಂದರೆ ಎಂಜಿನ್‌ಗೆ ಪೆಟ್ರೋಲು ಸಾಲುತ್ತಿಲ್ಲ. ಚೋಕ್ ಆ ಕೊರತೆಯನ್ನು ತುಂಬಿಕೊಡುತ್ತಿದೆ ಅಷ್ಟೇ. ಎರಡು ವರ್ಷ ನಿಂತ ಗಾಡಿಯಲ್ಲಿ ಹತ್ತಕ್ಕೆ ಒಂಬತ್ತು ಸಲ ಇದು ಪೈಲಟ್ ಜೆಟ್, ಅಂದರೆ ಕಾರ್ಬೊರೇಟರ್‌ನಲ್ಲಿ ಐಡಲ್‌ಗೆ ಪೆಟ್ರೋಲು ಕೊಡುವ ಪುಟ್ಟ ತೂತಿನ ತುಂಡು, ಕಟ್ಟಿಕೊಂಡದ್ದು. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ತನಕ ಎಥನಾಲ್ ಇರುತ್ತದೆ. ನಿಂತಲ್ಲೇ ನಿಂತು ಪೆಟ್ರೋಲು ಆರಿದರೆ ಬೆಲ್ಲದ ಪಾಕದಂಥ ಅಂಟು ಉಳಿಯುತ್ತದೆ.

ಕಾರ್ಬೊರೇಟರ್‌ಗೆ ಕೈ ಹಾಕುವ ಮುಂಚೆ ಎರಡು ಕಡೆ ನೋಡಿ. ಒಂದು, ಟ್ಯಾಂಕ್. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಪೆಟ್ರೋಲ್ ಕಾಕ್‌ನ ಜಾಲರಿ ತೊಳೆಯಿರಿ. ಇನ್ನೊಂದು, ಗಾಳಿಯ ಫಿಲ್ಟರ್ ಇರುವ ಏರ್ ಬಾಕ್ಸ್. ಶೆಡ್ಡಿನಲ್ಲಿ ನಿಂತ ಗಾಡಿ ಅಂದರೆ ಇಲಿಗೆ ಬಾಡಿಗೆಯಿಲ್ಲದ ಮನೆ. ಒಂದು ಸಲ ನಾನು ಮುಚ್ಚಳ ತೆಗೆದಾಗ ಸೀಟಿನ ಸ್ಪಂಜು, ಒಣಹುಲ್ಲು, ಎರಡು ಹಿಡಿ ಜೋಳ ಸಿಕ್ಕಿತ್ತು. ಫೋಮ್ ಫಿಲ್ಟರ್ ಮುಟ್ಟಿದರೆ ಪುಡಿಯಾದರೆ ಹೊಸದು ಹಾಕಿ. ಚೆನ್ನಾಗಿದ್ದರೆ ಸೋಪು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಮತ್ತೆ ಹಿಂಡಿ. ಆಯಿಲ್ ಇಲ್ಲದ ಫೋಮ್ ಧೂಳು ತಡೆಯುವುದಿಲ್ಲ. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ನಮ್ಮ ಕಡೆ ಇದೆ, ಅದು ಬೇಡ. ಅಂಟು ಬಿಟ್ಟುಹೋಗುತ್ತದೆ.

ಕಾರ್ಬೊರೇಟರ್ ಬಿಚ್ಚುವಾಗ ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಕೆಳಗೆ ಬಿಳಿ ಟವೆಲ್ ಹಾಸಿಕೊಳ್ಳಿ, ಸಣ್ಣ ವಾಷರ್ ಬಿದ್ದರೆ ಕಾಣಬೇಕು. ಜೆಟ್‌ಗಳು ಹಿತ್ತಾಳೆಯವು. ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಐಡಲ್‌ನ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ಬಿಚ್ಚುವ ಮುಂಚೆ ಒಂದು ಕೆಲಸ ಮಾಡಲೇಬೇಕು: ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ತಳಕ್ಕೆ ತಾಗುವ ತನಕ ಎಷ್ಟು ಸುತ್ತು ಆಯಿತು ಅಂತ ಎಣಿಸಿ, ಬರೆದಿಡಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ ಬಿಡಬೇಕು. ಅದರ ತುದಿಯಲ್ಲಿ ಸ್ಪ್ರಿಂಗು, ವಾಷರು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಓ-ರಿಂಗು ಇರುತ್ತದೆ. ಆ ರಿಂಗು ತೂತಿನೊಳಗೇ ಅಂಟಿಕೊಂಡಿದ್ದರೆ ತೆಗೆದುಕೊಳ್ಳದೆ ಕ್ಲೀನರ್ ಹೊಡೆಯಬೇಡಿ.

ಪೈಲಟ್ ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಸೂಜಿಮೊನೆಯಷ್ಟು ದುಂಡನೆಯ ಬೆಳಕು ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕಸ ಇದೆ ಅಂತ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆಯಿರಿ. ಅದಕ್ಕೂ ಬಿಡದಿದ್ದರೆ ಹಳೇ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ತೆಗೆದು ತೂರಿಸಿ. ಉಕ್ಕಿನ ತಂತಿ, ಹೊಲಿಗೆ ಸೂಜಿ ಬೇಡ, ತೂತು ದೊಡ್ಡದಾದರೆ ಆ ಜೆಟ್ ಕೆಲಸಕ್ಕೆ ಬಾರದು. ಕಾರ್ಬೊರೇಟರ್‌ನೊಳಗೆ ಮೇಲೆ ಕೆಳಗೆ ಜರುಗುವ ಸ್ಲೈಡಿನ ಮೇಲಿರುವ ತೆಳು ರಬ್ಬರ್ ಡಯಾಫ್ರಮ್ಮನ್ನೂ ಬೆಳಕಿಗೆ ಹಿಡಿಯಿರಿ. ಅದರಲ್ಲಿ ತೂತಿದ್ದರೆ ಥ್ರಾಟಲ್ ಎಷ್ಟೇ ಒತ್ತಿದರೂ ಗಾಡಿಗೆ ಪಿಕಪ್ ಬರುವುದಿಲ್ಲ. ಕ್ಲೀನರ್ ಅದಕ್ಕೆ ತಾಗಿದರೆ ಉಬ್ಬಿಬಿಡುತ್ತದೆ, ಮೊದಲೇ ತೆಗೆದಿಡಿ.

ತೊಳೆಯುವ ಗೋಜೇ ಬೇಡ, ಹೊಸ ಕಾರ್ಬೊರೇಟರ್ ಅಗ್ಗಕ್ಕೆ ಬರುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಬರುತ್ತದೆ, ನಿಜ. ಆದರೆ ನಾನು ಹಾಕಿ ನೋಡಿದ ಅಗ್ಗದ ನಕಲುಗಳಲ್ಲಿ ಜೆಟ್ ಅಳತೆ ಒಂದರಂತೆ ಒಂದು ಇರಲಿಲ್ಲ. ಗಾಡಿಯ ಜೊತೆ ಬಂದ ಮೂಲ ಕೈಹಿನ್ ಕಂಪನಿಯ ಕಾರ್ಬೊರೇಟರ್ ಒಡೆದಿಲ್ಲ ಅಂದರೆ ಅದನ್ನೇ ತೊಳೆದು ಉಳಿಸಿಕೊಳ್ಳಿ. ಹಳೇ ಹಿತ್ತಾಳೆ ಪಾತ್ರೆ ಕಲಾಯಿ ಮಾಡಿಸಿಕೊಂಡ ಹಾಗೆ.

ವಾಪಸ್ ಕೂರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಐಡಲ್‌ನಲ್ಲಿ ಬಿಟ್ಟು ಪೈಲಟ್ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಆಚೆ ಈಚೆ ತಿರುಗಿಸಿ. ಎಲ್ಲಿ ಎಂಜಿನ್ ಸದ್ದು ತುಸು ಏರಿ ಸಮವಾಗುತ್ತದೋ ಅಲ್ಲಿ ಬಿಡಿ, ಆಮೇಲೆ ಐಡಲ್ ಸ್ಕ್ರೂನಿಂದ ವೇಗ ಇಳಿಸಿ. ಟ್ಯೂನಿಂಗ್ ಅಂತ ದೊಡ್ಡದಾಗಿ ಹೇಳುವುದರಲ್ಲಿ ಅರ್ಧ ಇಷ್ಟೇ. ಇಷ್ಟಾದರೂ ಮಿಸ್ಸಿಂಗ್ ಹೊಡೆದರೆ ಕಾರ್ಬೊರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಕೊಳವೆಯ ಮೇಲೆ ಅನುಮಾನ ಪಡಿ. ಅದನ್ನು ಕೈಯಲ್ಲಿ ಬಗ್ಗಿಸಿದಾಗ ಬಿರುಕು ಕಂಡರೆ ಗಾಳಿ ಅಲ್ಲಿಂದ ಕದ್ದು ಒಳಗೆ ಹೋಗುತ್ತಿದೆ.

ಉಳಿದರ್ಧ ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದಲ್ಲಿ ಬಿಡಬೇಕಾದ ಸಣ್ಣ ಸಂದಿ. ನಿಮ್ಮ ಎಂಜಿನ್‌ನಲ್ಲಿ ಇರುವುದು ಎರಡೇ ವಾಲ್ವ್. ಸ್ಕ್ರೂ, ಲಾಕ್ ನಟ್ಟಿನಲ್ಲಿ ಸೆಟ್ ಮಾಡುವಂಥದ್ದು. ಎಂಜಿನ್ ರಾತ್ರಿಯಿಡೀ ತಣ್ಣಗಿದ್ದ ಮೇಲೆ, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಾಗ, ಮ್ಯಾನುಯಲ್‌ನಲ್ಲಿರುವ ಅಳತೆಗೆ ಫೀಲರ್ ಗೇಜ್ ಇಟ್ಟು ನೋಡಿ. ಗೇಜ್ ಎಳೆದಾಗ ಹಳೇ ಪುಸ್ತಕದ ನಡುವಿನಿಂದ ಹಾಳೆ ಎಳೆದಷ್ಟು ಹಿಡಿತ ಸಿಗಬೇಕು. ಟ್ಯಾಪೆಟ್ ಸದ್ದು ಮಾಡಿದರೆ ಜನ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಸದ್ದೇ ಮಾಡದ, ಬಿಗಿಯಾದ ಟ್ಯಾಪೆಟ್‌ಗೆ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಆಯಿಲ್ ಹಾಕುವಾಗ ಕಾರಿನದು ಹಾಕಬೇಡಿ. ಇದರ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಪೆಟ್ರೋಲ್ ಉಳಿತಾಯಕ್ಕೆ ಅಂತ ಜಾರುವ ಮದ್ದು ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಏರಿನಲ್ಲಿ ಕ್ಲಚ್ ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಇರುವ ಮೋಟರ್‌ಸೈಕಲ್ ಆಯಿಲ್ ಸಾಕು. ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿಗಳ, ಅಂದರೆ ಮುಂದಿನ, ಹಿಂದಿನ ಡಿಫರೆನ್ಷಿಯಲ್‌ನ ಆಯಿಲನ್ನೂ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಹೋಗಿದೆ. ಹೊಸದು ಹಾಕಿ, ಉಸಿರಾಟದ ಕೊಳವೆಯ ಬಾಯಿ ನೋಡಿ. ಕುಂಬಾರ ಹುಳಕ್ಕೆ ಅಂಥ ಕೊಳವೆ ಅಂದರೆ ಬಹಳ ಇಷ್ಟ, ಇಲ್ಲೂ ಅಷ್ಟೇ, ನಮ್ಮೂರಲ್ಲೂ ಅಷ್ಟೇ. ಮಣ್ಣು ಮೆತ್ತಿ ಬಾಯಿ ಮುಚ್ಚಿಬಿಟ್ಟರೆ, ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ನೀರಿನಲ್ಲಿ ತಣ್ಣಗಾದಾಗ ಸೀಲಿನ ಸಂದಿಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಈಗ ಟೈರಿಗೆ ಬರೋಣ, ಗೆಳೆಯರಿಗೆ ಬೇಜಾರಾದರೂ ಪರವಾಗಿಲ್ಲ. ನಿಮ್ಮ ಗಾಡಿಯ ಅಳತೆ 24 ಇಂಚು. 26 ಹಾಕಿದರೆ ಸುತ್ತಳತೆ ಶೇಕಡಾ 8ಕ್ಕಿಂತ ಜಾಸ್ತಿ ಆಗುತ್ತದೆ. ಅಂದರೆ ಎಲ್ಲ ಗೇರೂ ಅಷ್ಟು ಉದ್ದ ಆದ ಹಾಗೆ. ಈ ಗಾಡಿಗೆ ಲೋ ರೇಂಜ್ (ಎಲ್ಲ ಗೇರನ್ನೂ ಇನ್ನಷ್ಟು ನಿಧಾನ ಮಾಡುವ ವ್ಯವಸ್ಥೆ) ಇಲ್ಲ. ಮೊದಲನೇ ಗೇರೇ ಕೊನೆಯ ಆಸರೆ, ಅದನ್ನೂ ಕಳೆದುಕೊಂಡರೆ ಏರಿನಲ್ಲಿ ಕ್ಲಚ್ ಸುಡುತ್ತೀರಿ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆಯಾಗುತ್ತದೆ, ಆ ಪುಟ್ಟ ಡ್ರಮ್ ಬ್ರೇಕಿಗೆ ಹೊರೆ ಜಾಸ್ತಿ. 24ರಲ್ಲೇ, ಹೆಚ್ಚೆಂದರೆ 25ರಲ್ಲಿ, ಕಲ್ಲಿಗೆ ತಡೆಯುವ ಸಿಕ್ಸ್ ಪ್ಲೈ (ಆರು ಪದರದಷ್ಟು ಗಟ್ಟಿ) ಟೈರ್ ನಾಲ್ಕನ್ನೂ ಒಟ್ಟಿಗೆ ಹಾಕಿ. ಲಿಫ್ಟ್ ಕಿಟ್ ಬೇಡ. ಗಾಡಿ ಎತ್ತರವಾದಷ್ಟೂ ಮಗುಚುವುದು ಸುಲಭ, ಆಕ್ಸಲ್ ಜಾಯಿಂಟ್ ಓರೆಯಾಗಿ ಬೇಗ ಸವೆಯುತ್ತದೆ. ಕೆಸರಿನ ಗದ್ದೆಗೆ ಇಳಿಯುವವರ ಆಟ ಅದು.

ಟೈರಿನ ಗಾಳಿ ಇದೆಯಲ್ಲ, ಕಾಸು ಖರ್ಚಿಲ್ಲದ ಟ್ಯೂನಿಂಗ್ ಅದು. ಈ ಗಾಡಿಗೆ ಬೇಕಾದದ್ದು 4 ಪಿಎಸ್‌ಐ ಆಸುಪಾಸು, ಫೆಂಡರ್ ಮೇಲಿನ ಸ್ಟಿಕ್ಕರ್ ನೋಡಿ. ಕಾರಿನ ಗೇಜಿನಲ್ಲಿ ಅಷ್ಟು ಕಮ್ಮಿ ಗಾಳಿ ಸರಿಯಾಗಿ ತೋರುವುದೇ ಇಲ್ಲ, ಕ್ವಾಡಿನದೇ ಗೇಜ್ ತಗೊಳ್ಳಿ. ಹೊಸಬರು ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ತುಂಬಿದ ಹಾಗೆ ತುಂಬಿಕೊಂಡು ಬಂದು, ಗಾಡಿ ಚೆಂಡಿನ ಹಾಗೆ ಕುಣಿಯುತ್ತದೆ, ಸಸ್ಪೆನ್ಷನ್ ಹೋಗಿದೆ ಅನ್ನುತ್ತಾರೆ. ಹಿಂದಿನ ಎರಡು ಟೈರಿನ ಸುತ್ತಳತೆಯನ್ನು ದರ್ಜಿಯ ಟೇಪಿನಲ್ಲಿ ಅಳೆದು ನೋಡಿ. ಹಿಂದಿನ ಆಕ್ಸಲ್ ಒಂದೇ ತುಂಡು, ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಒಂದು ದೊಡ್ಡದು, ಒಂದು ಚಿಕ್ಕದು ಆದರೆ ಗಾಡಿ ದಿನವಿಡೀ ಒಂದೇ ಬದಿಗೆ ಎಳೆಯುತ್ತದೆ, ನಿಮ್ಮ ತೋಳು ನೋಯುತ್ತದೆ.

ಜೆಟ್ ಕಿಟ್, ಸೈಲೆನ್ಸರ್ ಎರಡೂ ಬೇಡ. ಆ ಗುಡ್ಡಗಳ ಎತ್ತರಕ್ಕೆ ಜೆಟ್ ಬದಲಿಸುವ ಅಗತ್ಯವಿಲ್ಲ. ಮೂಲ ಸೈಲೆನ್ಸರ್‌ನೊಳಗೆ ಕಿಡಿ ತಡೆಯುವ ಜಾಲರಿ ಇರುತ್ತದೆ. ಒಣ ಎಲೆ ಬಿದ್ದ ಕಾಡಿನಲ್ಲಿ ಅದಿಲ್ಲದೆ ಓಡಿಸಬಾರದು.

ದುಡ್ಡು ಹಾಕುವುದಾದರೆ ಕೆಳಭಾಗಕ್ಕೆ ಹಾಕಿ. ಅಲ್ಯೂಮಿನಿಯಂ ಅಥವಾ ದಪ್ಪ ಪ್ಲಾಸ್ಟಿಕ್ಕಿನ ಸ್ಕಿಡ್ ಪ್ಲೇಟ್ (ಅಡಿಭಾಗಕ್ಕೆ ಕಲ್ಲು ತಾಗದ ಹಾಗೆ ಕಾಯುವ ತಟ್ಟೆ), ಮುಂದಿನ ಆರ್ಮ್‌ಗಳಿಗೆ ಗಾರ್ಡ್. ಹಿಮ ತಳ್ಳುವ ಬ್ಲೇಡಿನ ಬ್ರಾಕೆಟ್ ಇನ್ನೂ ಅಡಿಯಲ್ಲಿದ್ದರೆ ಇವತ್ತೇ ಬಿಚ್ಚಿ ಎಸೆಯಿರಿ. ಹೊಲದಲ್ಲಿ ಅದು ಗೊತ್ತೇ ಆಗುವುದಿಲ್ಲ. ಕಲ್ಲಿನ ಮೆಟ್ಟಿಲು ಇಳಿಯುವಾಗ ಲಂಗರು ಹಾಕಿದಂತೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಲ್ಲಿ ಎಳೆದು ತೆಗೆಯುವ ವಿಂಚ್ ಬೇಕಾದರೆ 2,500 ಪೌಂಡಿನದು ಈ ಗಾಡಿಗೆ ಧಾರಾಳ. ಎಳೆಯುವಾಗ ಎಂಜಿನ್ ಓಡುತ್ತಿರಲಿ, ಇಲ್ಲದಿದ್ದರೆ ಪುಟ್ಟ ಬ್ಯಾಟರಿ ಎರಡು ಎಳೆತಕ್ಕೇ ಕೈಕೊಡುತ್ತದೆ. ಒಳ್ಳೆಯ ಹೆಲ್ಮೆಟ್, ಪಾದದ ಗಂಟು ಮುಚ್ಚುವ ಬೂಟ್ಸ್ ದುಡ್ಡನ್ನು ಈ 1,500ರಿಂದಲೇ ತೆಗೆದಿಡಿ.

ಎಲ್ಲ ಮುಗಿಸಿ ನೇರ ವೆಸ್ಟ್ ವರ್ಜೀನಿಯಾಕ್ಕೆ ಹೊರಡಬೇಡಿ. ನಿಮಗೆ ಹತ್ತಿರದಲ್ಲೇ ಯುವಾರಿ ನ್ಯಾಷನಲ್ ಫಾರೆಸ್ಟ್ ಇದೆ. ಬ್ಯಾಡಿನ್ ಲೇಕ್ ಪಕ್ಕದ ಅದರ ಟ್ರೇಲ್‌ಗಳು ಏಪ್ರಿಲ್ 1ರಿಂದ ಡಿಸೆಂಬರ್ 15ರ ತನಕ ತೆರೆದಿರುತ್ತವೆ, ಪಾಸ್ ಬೇಕು. ಅಲ್ಲಿ ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ. ಗ್ಲೌಸ್ ತೆಗೆದು ನಾಲ್ಕೂ ಚಕ್ರದ ನಡುವೆ ಕೈ ಹತ್ತಿರ ಒಯ್ದು ನೋಡಿ, ಮೊದಲೇ ಮುಟ್ಟಬೇಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ ಅಥವಾ ಬೇರಿಂಗ್ ಹೋಗಿದೆ. ಚಕ್ರದ ನಟ್ಟುಗಳನ್ನು ಅಲ್ಲೇ ಮತ್ತೊಮ್ಮೆ ಬಿಗಿ ಮಾಡಿ, ಮೊದಲ ಓಟದಲ್ಲಿ ಅವು ಸಡಿಲವಾಗುವುದುಂಟು. ಟ್ರೇಲರ್‌ಗೆ ಹತ್ತಿಸುವ ಮುಂಚೆ ಅಡಿಯಲ್ಲಿ ಆಯಿಲ್ ತೊಟ್ಟಿಕ್ಕಿದೆಯಾ ಅಂತ ಬಗ್ಗಿ ನೋಡಿ. ಅಂಥ ಎರಡು ದಿನ ಆದ ಮೇಲೆ ಗಾಡಿಯ ಮೇಲೆ ನಂಬಿಕೆ ಬರುತ್ತದೆ.

ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್‌ಗಳು 2000ದಲ್ಲಿ ಶುರುವಾದವು. ಈಗ ಒಟ್ಟು 1,000 ಮೈಲಿ ದಾಟಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಹೊಡೆದಾಡಿಕೊಂಡ ಎರಡು ಮನೆತನಗಳ ಹೆಸರೇ ಟ್ರೇಲ್‌ಗೂ ಉಳಿದಿದೆ. ನಿಮಗೆ ಐ-77 ಹೆದ್ದಾರಿ ಹಿಡಿದು ಬ್ಲೂಫೀಲ್ಡ್ ಕಡೆ ಹೋದರೆ ಬ್ರಾಮ್‌ವೆಲ್ ಹತ್ತಿರದ ಪೊಕಾಹಾಂಟಸ್ ಭಾಗ ಅನುಕೂಲ. ಪರ್ಮಿಟ್ ಮೊದಲೇ ತಗೊಳ್ಳಿ. ಬೋರ್ಡಿನಲ್ಲಿ ಹಸಿರು ಅಂದರೆ ಸುಲಭ, ನೀಲಿ ಸ್ವಲ್ಪ ಕಷ್ಟ, ಕಪ್ಪು ಬಹಳ ಕಷ್ಟ. ಮೊದಲ ದಿನ ಗೆಳೆಯರು ಏನೇ ಅಂದರೂ ಹಸಿರಿನಲ್ಲೇ ಇರಿ. ಪಂಕ್ಚರ್ ಕಿಟ್, ಸಣ್ಣ ಪಂಪು, ಒಂದು ಪ್ಲಗ್ಗು, ಎಳೆಯುವ ಪಟ್ಟಿ, 8ರಿಂದ 17ರ ತನಕ ಸ್ಪ್ಯಾನರು, ನಾಲ್ಕು ಸ್ಪ್ಲಿಟ್ ಪಿನ್ನು ಹಿಂದಿನ ಡಬ್ಬಿಯಲ್ಲಿರಲಿ. ದೊಡ್ಡ ಇಳಿಜಾರು ಕಂಡರೆ ಮೇಲೆಯೇ ನಿಲ್ಲಿಸಿ ಮೊದಲನೇ ಗೇರ್ ಹಾಕಿ, ಥ್ರಾಟಲ್ ಬಿಟ್ಟು ಎಂಜಿನ್‌ನ ಹಿಡಿತದಲ್ಲೇ ಇಳಿಯಿರಿ. ಬ್ರೇಕನ್ನು ಆಗಾಗ ಮುಟ್ಟಿದರೆ ಸಾಕು. ಹಳ್ಳ ದಾಟಿದ ತಕ್ಷಣ ಮಾತ್ರ, ಸಮತಟ್ಟು ಜಾಗದಲ್ಲಿ, ಲಿವರ್ ಮೆಲ್ಲಗೆ ಎರಡು ಮೂರು ಸಲ ಹಿಡಿದು ಶೂ ಒಣಗಿಸಿಕೊಂಡು ಮುಂದೆ ಹೋಗಿ.